ಕಡಲ ಕಂಪು: ಗಂಧಯುಕ್ತಿಯಲ್ಲಿ ಸಮುದ್ರದ ಪಾಲು

೧

ಕನ್ನಡನಾಡು ಗಂಧದ ನಾಡೆಂದು ಹೆಸರಾದುದು ತನ್ನ ಕಾಡಿನ ಶ್ರೀಗಂಧದ ಮರದಿಂದ. ಒಂದನೆಯ ಮಹಾಯುದ್ಧದ ಕಾಲದಲ್ಲಿ ಯೂರೋಪಿನ ಪೇಟೆಗೆ ಹೋಗುತ್ತಿದ್ದ ಗಂಧದ ಕೊರಡುಗಳಿಗೆ ದಾರಿ ಮುಚ್ಚಿದಾಗ ಮೈಸೂರು ಸಂಸ್ಥಾನದ ಸರ್ಕಾರ ತಾನೇ ಎಣ್ಣೆ ತೆಗೆಯುವ ಕಾರ್ಖಾನೆಗಳನ್ನು ನಿಲ್ಲಿಸಿತು. ಗಂಧದ ಸಾಬೂನೂ ಅದರ ಬೆನ್ನಿಗೆ ಬಂದಿತು. ಹೀಗಾಗಿ ಕನ್ನಡಿಗನ ಎಣಿಕೆಯಲ್ಲಿ ಪರಿಮಳವೆಂದರೆ ನೆಲದ್ದು, ಮರದ್ದು, ಹೂವಿನದು. ಶ್ರೀಗಂಧ, ಮಲ್ಲಿಗೆ, ಸಂಪಿಗೆ, ಮರುಗ, ದವನ ಇವುಗಳ ಸಾಲಿನಲ್ಲಿ ಕಡಲಿಗೆ ಸ್ಥಾನವಿದೆಯೆಂದು ಯಾರಾದರೂ ಹೇಳಿದರೆ ಅವನು ನಕ್ಕಾನು. ಮೈಸೂರಿನಿಂದಲೋ ಧಾರವಾಡದಿಂದಲೋ ಚೆನ್ನೈಗೆ ಬಂದು ನೆಲಸಿದವನು ಮೊದಲ ಸಂಜೆ ಮರೀನಾ ತೀರಕ್ಕೆ ಹೋದಾಗ ಅವನ ಮೂಗಿಗೆ ತಾಕುವುದು ಉಪ್ಪುಗಾಳಿ, ಹಸಿಬಲೆ, ಒಣಮೀನುಗಳ ವಾಸನೆ. ಅದನ್ನು ಅವನು ಪರಿಮಳವೆಂದು ಕರೆಯಲಾರ.

ಆದರೂ ಇಂದು ಅದೇ ಚೆನ್ನೈನ ದೊಡ್ಡ ಅಂಗಡಿಗಳಲ್ಲಿ ಅಲೆ, ಸಾಗರ, ತಣ್ಣೀರು ಎಂಬ ಅರ್ಥದ ಪರಭಾಷೆಯ ಹೆಸರುಗಳನ್ನು ಹೊತ್ತ ನೀಲಿ ಸೀಸೆಗಳು ಸಾಲಾಗಿ ನಿಂತಿವೆ. ಪಾಶ್ಚಾತ್ಯ ಸುಗಂಧಕಾರರು ಸಂಗೀತದ ಪರಿಭಾಷೆಯನ್ನು ಎರವಲು ಪಡೆದು, ಒಂದು ಮಿಶ್ರಣದೊಳಗೆ ಬಿಡಿಯಾಗಿ ಗುರುತಿಸಬಹುದಾದ ವಾಸನೆಯ ಎಳೆಯನ್ನು ‘ನೋಟ್’ ಎನ್ನುತ್ತಾರೆ. ಕನ್ನಡದಲ್ಲಿ ಅದನ್ನು ‘ಸ್ವರ’ ಎನ್ನಬಹುದು. ಈ ನೀಲಿ ಸೀಸೆಗಳಲ್ಲಿ ಮೇಲೆದ್ದು ಕೇಳಿಸುವುದು ಅವರು ‘ಸಮುದ್ರಸ್ವರ’ವೆಂದು ಹೆಸರಿಟ್ಟಿರುವ ಎಳೆ.

ಈ ಸೀಸೆಯೊಳಗೆ ಇರುವುದು ಕಡಲೇ? ನಮ್ಮ ಪ್ರಾಚೀನರ ಗಂಧಶಾಸ್ತ್ರದಲ್ಲಿ ಕಡಲಿಗೆ ಪಾಲಿದ್ದಿತೇ? ಇದ್ದಿದ್ದರೆ ಅದು ಯಾವ ಬಗೆಯದು? ಈ ಪ್ರಶ್ನೆಗಳನ್ನು ಕ್ರಮವಾಗಿ ನೋಡುತ್ತ ಹೋದರೆ ಒಂದು ವಿಚಿತ್ರ ಸಂಗತಿ ಹೊರಪಡುತ್ತದೆ. ಹಳಬರು ಕಡಲಿನಿಂದ ನಿಜವಾದ ವಸ್ತುಗಳನ್ನು ತೆಗೆದುಕೊಂಡರು, ಆದರೆ ಅವುಗಳಿಂದ ಕಡಲ ವಾಸನೆಯನ್ನು ಬಯಸಲಿಲ್ಲ. ಇಂದಿನವರು ಕಡಲ ವಾಸನೆಯನ್ನು ಬಯಸುತ್ತಾರೆ, ಆದರೆ ಕಡಲಿನಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ.

೨

ಕಡಲಿಗೆ ವಾಸನೆ ಬರುವುದು ಹೇಗೆಂಬುದನ್ನು ಮೊದಲು ತಿಳಿಯಬೇಕು. ಉಪ್ಪಿಗೆ ಸ್ವತಃ ವಾಸನೆಯಿಲ್ಲ, ನೀರಿಗೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಕಡಲ ಗಾಳಿಯ ಚೇತೋಹಾರಿ ಗುಣಕ್ಕೆ ಓಜೋನ್ ಅನಿಲವೇ ಕಾರಣವೆಂದು ನಂಬಿದ್ದರು. ಆ ನಂಬಿಕೆ ನಿಲ್ಲಲಿಲ್ಲ. ಕಡಲ ವಾಸನೆಯಲ್ಲಿ ಮುಖ್ಯವಾದುದು ಗಂಧಕವನ್ನೊಳಗೊಂಡ ಒಂದು ಹಗುರ ಅನಿಲ. ಅದರ ಹೆಸರು ಡೈಮೀಥೈಲ್ ಸಲ್ಫೈಡ್. ಕಡಲಿನ ಮೇಲ್ಪದರದಲ್ಲಿ ತೇಲುವ ಕಣ್ಣಿಗೆ ಕಾಣದ ಸಸ್ಯಗಳೂ ಬಂಡೆಗಳಿಗೆ ಅಂಟಿದ ಪಾಚಿಗಳೂ ತಮ್ಮ ಮೈಯಲ್ಲಿ ಒಂದು ಗಂಧಕಸಂಯುಕ್ತವನ್ನು ಕೂಡಿಡುತ್ತವೆ. ಅವು ಸತ್ತಾಗ ಅಥವಾ ಬೇರೆ ಜೀವಿಗಳ ಬಾಯಿಗೆ ಬಿದ್ದಾಗ ಬ್ಯಾಕ್ಟೀರಿಯಗಳು ಆ ಸಂಯುಕ್ತವನ್ನು ಒಡೆಯುತ್ತವೆ. ಆಗ ಈ ಅನಿಲ ಹೊರಬೀಳುತ್ತದೆ. ೧೯೭೨ರಲ್ಲಿ ಬ್ರಿಟನ್ನಿನ ವಿಜ್ಞಾನಿ ಜೇಮ್ಸ್ ಲವ್‌ಲಾಕ್ ಮತ್ತು ಅವನ ಸಂಗಡಿಗರು ತೆರೆದ ಸಮುದ್ರದ ನೀರಿನಲ್ಲಿ ಇದನ್ನು ಅಳೆದು ತೋರಿಸಿದರು. ೨೦೦೭ರಲ್ಲಿ ಇಂಗ್ಲೆಂಡಿನ ನಾರಿಚ್ ನಗರದ ಸಂಶೋಧಕರು ಬ್ಯಾಕ್ಟೀರಿಯಗಳಲ್ಲಿ ಈ ಕಾರ್ಯಕ್ಕೆ ಮೂಲವಾದ ಜೀನನ್ನು ಗುರುತಿಸಿದರು. ತೆರೆದ ಸಾಗರದ ಕೆಲವು ಹಕ್ಕಿಗಳು ಇದೇ ವಾಸನೆಯ ಜಾಡು ಹಿಡಿದು ಆಹಾರವಿರುವ ತಾಣವನ್ನು ಕಂಡುಕೊಳ್ಳುತ್ತವೆ.

ಇದರೊಡನೆ ಇನ್ನೆರಡು ಮೂರು ಎಳೆಗಳು ಸೇರುತ್ತವೆ. ಕಂದು ಪಾಚಿಗಳು ತಮ್ಮ ಗಂಡುಕಣಗಳನ್ನು ಸೆಳೆಯುವುದಕ್ಕಾಗಿ ನೀರಿಗೆ ಬಿಡುವ ಹೈಡ್ರೋಕಾರ್ಬನ್ನುಗಳು ಮತ್ತು ಅವುಗಳ ನೆಂಟಸಂಯುಕ್ತಗಳು ಒಂದು. ಬ್ರೋಮೀನ್ ಕೂಡಿದ ಫಿನಾಲುಗಳು ಇನ್ನೊಂದು, ಕಡಲ ಮೀನು ಸೀಗಡಿಗಳಿಗೆ ಹೊಳೆಮೀನಿಗಿಲ್ಲದ ವಿಶಿಷ್ಟ ರುಚಿ ಬರುವುದು ಇವುಗಳಿಂದ. ಸತ್ತ ಮೀನಿನಲ್ಲಿ ಹುಟ್ಟುವ ಅಮೀನ್ ಮತ್ತೊಂದು. ಪಾಚಿ ದಟ್ಟವಾಗಿರುವ ಬಂಡೆಗಡಲಿನಲ್ಲಿ ಮೊದಲಿನ ಎಳೆಗಳು ಮುಂದೆ ನಿಲ್ಲುತ್ತವೆ; ಮರೀನಾದಂತಹ ಮರಳುದಂಡೆಯಲ್ಲಿ ದೋಣಿ ಬಲೆ ಮೀನುಗಳ ವಾಸನೆಯೇ ಮುಂದಾಗುತ್ತದೆ. ಆದುದರಿಂದ ‘ಕಡಲ ವಾಸನೆ’ ಎಂಬುದು ಒಂದಲ್ಲ. ಕಾಸಿಮೇಡಿನ ಕಡಲು ಬೇರೆ, ಮಂಡಪದ ಕಡಲು ಬೇರೆ, ಮಲ್ಪೆಯ ಕಡಲು ಬೇರೆ.

ಇಲ್ಲೊಂದು ತೊಡಕಿದೆ. ಈ ದ್ರವ್ಯಗಳಲ್ಲಿ ಬಹುಪಾಲು ಸೀಸೆಗೆ ಒಗ್ಗುವುದಿಲ್ಲ. ಡೈಮೀಥೈಲ್ ಸಲ್ಫೈಡ್ ಗಾಳಿಯಲ್ಲಿ ಲೇಶಮಾತ್ರವಾಗಿದ್ದಾಗ ತೀರವನ್ನು ನೆನಪಿಸುತ್ತದೆ. ಸ್ವಲ್ಪ ಹೆಚ್ಚಾದರೆ ಬೆಂದ ಎಲೆಕೋಸಿನ ವಾಸನೆಯಾಗುತ್ತದೆ. ಮೇಲಾಗಿ ಕ್ಷಣದಲ್ಲಿ ಹಾರಿಹೋಗುತ್ತದೆ. ಅಮೀನನ್ನು ಯಾರೂ ಮೈಗೆ ಪೂಸಿಕೊಳ್ಳರು. ಕಡಲು ತನ್ನ ವಾಸನೆಯನ್ನು ಸುಗಂಧಕಾರನ ಕೈಗೆ ಸುಲಭವಾಗಿ ಒಪ್ಪಿಸುವುದಿಲ್ಲ.

೩

ಹೀಗಿರಲು ನಮ್ಮ ಪೂರ್ವಿಕರು ಕಡಲಿನಿಂದ ಏನನ್ನು ಪಡೆದರು? ಇದಕ್ಕೆ ಉತ್ತರ ಹುಡುಕಲು ಚೆನ್ನೈನ ಕನ್ನಡಿಗರಿಗೆ ಒಂದು ವಿಶೇಷ ಅನುಕೂಲವಿದೆ. ಪಶ್ಚಿಮ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು ಕ್ರಿ.ಶ. ೧೦೨೫ರಲ್ಲಿ, ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವು ಕನ್ನಡದ ಮೊದಲ ವಿಶ್ವಕೋಶಗಳ ಸಾಲಿಗೆ ಸೇರುವ ಗ್ರಂಥ. ಅಂತರ್ಜಲವನ್ನು ಕಂಡುಹಿಡಿಯುವುದು, ಮರಗಿಡಗಳ ಆರೈಕೆ, ಅಡುಗೆ, ವೈದ್ಯ, ಶಕುನ ಮುಂತಾದ ಲೋಕವ್ಯವಹಾರದ ವಿಷಯಗಳ ನಡುವೆ ಸುಗಂಧಗಳ ತಯಾರಿಕೆಗೂ ಅದರಲ್ಲಿ ಒಂದು ಪ್ರಕರಣ ಮೀಸಲಾಗಿದೆ. ಈ ಗ್ರಂಥ ೧೯೫೦ರಲ್ಲಿ ಎಚ್. ಶೇಷ ಅಯ್ಯಂಗಾರರ ಸಂಪಾದಕತ್ವದಲ್ಲಿ ಅಚ್ಚಾಗಿ ಹೊರಬಂದುದು ಮದರಾಸಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಿಂದ. ಆ ಭಂಡಾರ ಬಹುಕಾಲ ಚೇಪಾಕಿನ ವಿಶ್ವವಿದ್ಯಾಲಯದ ಆವರಣದಲ್ಲಿ, ಕಡಲಿಗೆ ಅಭಿಮುಖವಾಗಿ ಇದ್ದಿತು. ಗಂಧದ ನಾಡಿನ ಗಂಧಶಾಸ್ತ್ರ ಕಡಲ ದಂಡೆಯಲ್ಲಿ ಪುನರ್ಜನ್ಮ ಪಡೆಯಿತೆಂದು ಹೇಳಿದರೆ ಉತ್ಪ್ರೇಕ್ಷೆಯಾಗದು.

ಗಂಧದ್ರವ್ಯಗಳನ್ನು ತಕ್ಕ ಪ್ರಮಾಣದಲ್ಲಿ ಕೂಡಿಸುವ ಕಲೆಗೆ ಪ್ರಾಚೀನರಿಟ್ಟ ಹೆಸರು ‘ಗಂಧಯುಕ್ತಿ’. ಚಾವುಂಡರಾಯನಿಗಿಂತ ಸುಮಾರು ಐದು ಶತಮಾನ ಹಿಂದೆ ವರಾಹಮಿಹಿರನು ತನ್ನ ‘ಬೃಹತ್ಸಂಹಿತೆ’ಯಲ್ಲಿ ಇದಕ್ಕೆ ಒಂದು ಅಧ್ಯಾಯವನ್ನು ಕೊಟ್ಟಿದ್ದನು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸನ ಭೋಗಗಳನ್ನು ಎಣಿಸುವಾಗ ಲೇಪನಕ್ಕೂ ಧೂಪಕ್ಕೂ ಪ್ರತ್ಯೇಕ ಸ್ಥಾನ ಕೊಟ್ಟನು. ಅನಂತರದ ಗಂಗಾಧರನ ‘ಗಂಧಸಾರ’ವೆಂಬ ಸಂಸ್ಕೃತ ಗ್ರಂಥ ಭಾವನ, ಪಾಚನ, ಬೋಧ, ವೇಧ, ಧೂಪನ, ವಾಸನ ಎಂಬ ಆರು ಕ್ರಿಯೆಗಳನ್ನು ಹೇಳುತ್ತದೆ. ಪುಡಿಯನ್ನು ದ್ರವದಲ್ಲಿ ನೆನೆಸುವುದು ಭಾವನ, ಬೇಯಿಸುವುದು ಪಾಚನ, ಬೋಧ ಮತ್ತು ವೇಧಗಳು ಮಲಗಿರುವ ಕಂಪನ್ನು ಎಬ್ಬಿಸಿ ಹರಿತಗೊಳಿಸುವ ಕ್ರಿಯೆಗಳು, ಹೊಗೆಯೂಡುವುದು ಧೂಪನ, ಹೂವಿನೊಡನಿಟ್ಟು ಕಂಪೇರಿಸುವುದು ವಾಸನ. ಇವು ಒಂದು ಬೆಳೆದ ವಿದ್ಯೆಯ ಪರಿಭಾಷೆಗಳು.

ವರಾಹಮಿಹಿರನು ಹದಿನಾರು ದ್ರವ್ಯಗಳನ್ನು ಚೌಕದ ಮನೆಗಳಲ್ಲಿ ಜೋಡಿಸಿ, ಅವುಗಳಿಂದ ನಾಲ್ಕು ನಾಲ್ಕನ್ನು ಆರಿಸಿದರೆ ೧,೮೨೦ ಕೂಟಗಳಾಗುವುವೆಂದೂ, ಭಾಗಗಳ ಪ್ರಮಾಣವನ್ನು ಬದಲಿಸುತ್ತ ಹೋದರೆ ಒಟ್ಟು ೧,೭೪,೭೨೦ ಗಂಧಗಳು ಹುಟ್ಟುವುವೆಂದೂ ಲೆಕ್ಕ ಹಾಕಿದನು. ಈ ಅಪಾರ ಸಮೂಹಕ್ಕೆ ಬಂದ ಹೆಸರು ‘ಗಂಧಾರ್ಣವ’, ಎಂದರೆ ಗಂಧಗಳ ಸಮುದ್ರ. ಇಲ್ಲಿ ಸಮುದ್ರವೆಂಬುದು ಎಣಿಕೆಗೆ ಬಂದ ಉಪಮೆ ಮಾತ್ರ. ಆದರೆ ಆ ಹದಿನಾರರ ನಡುವೆ, ಕರ್ಪೂರ, ಅಗರು, ಚಂದನಗಳ ಪಕ್ಕದಲ್ಲಿ, ನಿಜವಾದ ಸಮುದ್ರದಿಂದ ಬಂದ ಒಂದು ದ್ರವ್ಯ ಕುಳಿತಿದೆ. ಅದರ ಹೆಸರು ‘ನಖ’.

೪

ನಖವೆಂದರೆ ಉಗುರು. ಗಂಧಶಾಸ್ತ್ರದ ನಖ ಮಾತ್ರ ಪ್ರಾಣಿಯ ಉಗುರಲ್ಲ. ಶಂಖದ ಜಾತಿಯ ಕಡಲಹುಳುಗಳು ಅಪಾಯ ಕಂಡಾಗ ಮೈಯನ್ನು ಚಿಪ್ಪಿನೊಳಕ್ಕೆ ಎಳೆದುಕೊಂಡು ಬಾಯಿಗೆ ಒಂದು ಮುಚ್ಚಳವನ್ನು ಮುಚ್ಚಿಕೊಳ್ಳುತ್ತವೆ. ಕೊಂಬಿನಂತಹ ವಸ್ತುವಿನಿಂದಾದ, ಉಗುರಿನ ಆಕಾರದ, ಕಂದುಬಣ್ಣದ ಆ ಮುಚ್ಚಳವೇ ನಖ. ಅಮರಕೋಶವು ಇದಕ್ಕೆ ಶುಕ್ತಿ, ಶಂಖ, ಖುರ, ಕೋಲದಲ ಎಂಬ ಪರ್ಯಾಯ ಪದಗಳನ್ನು ಕೊಡುತ್ತದೆ. ಅರಬ್ಬರು ಇದೇ ವಸ್ತುವನ್ನು ‘ಸುಗಂಧದ ಉಗುರು’ಗಳೆಂಬ ಅರ್ಥದ ಹೆಸರಿನಿಂದ ಕರೆದರು. ಯೆಹೂದ್ಯರ ಧರ್ಮಗ್ರಂಥದಲ್ಲಿ ದೇವಾಲಯದ ಧೂಪಕ್ಕೆ ಹೇಳಿದ ದ್ರವ್ಯಗಳಲ್ಲೊಂದು ಇದೇ ಇರಬೇಕೆಂದು ಹಲವರು ವಿದ್ವಾಂಸರ ಊಹೆ. ಅದಕ್ಕೆ ಬಂದ ಗ್ರೀಕ್ ಹೆಸರಿನ ಅರ್ಥವೂ ಉಗುರೇ. ಚೀನ, ಜಪಾನುಗಳ ಧೂಪಗಳಲ್ಲಿಯೂ ಇದು ಸೇರುತ್ತದೆ. ಇಷ್ಟು ದೂರದೂರದ ಜನ ಒಂದೇ ಕಡಲವಸ್ತುವನ್ನು ಧೂಪಕ್ಕೆ ಆರಿಸಿಕೊಂಡರೆಂದರೆ ಅದಕ್ಕೆ ಕಾರಣವಿರಲೇಬೇಕು.

ಕಾರಣ ಅದರ ಸ್ವಂತ ಕಂಪಲ್ಲ. ಹಸಿಯ ನಖವನ್ನು ಕೆಂಡದ ಮೇಲಿಟ್ಟರೆ ಸುಟ್ಟ ಕೂದಲಿನ ಕಮಟು ಬರುತ್ತದೆ. ಎರಡೂ ಪ್ರೋಟೀನಿನಿಂದಾದ ವಸ್ತುಗಳಾದುದರಿಂದ ಇದು ಸಹಜ. ಆದುದರಿಂದಲೇ ನಮ್ಮ ವೈದ್ಯಗ್ರಂಥಗಳು ನಖದ ಶುದ್ಧಿಯನ್ನು ವಿವರವಾಗಿ ಹೇಳುತ್ತವೆ. ಮೊದಲು ಸಗಣಿಯ ನೀರಿನಲ್ಲಿಯೋ ಹುಣಿಸೆಯ ನೀರಿನಲ್ಲಿಯೋ ಬೇಯಿಸಬೇಕು, ಅವು ದೊರೆಯದಿದ್ದರೆ ಮಣ್ಣು ಕದಡಿದ ನೀರಾದರೂ ಆದೀತು. ಬಳಿಕ ತೊಳೆದು ಹುರಿಯಬೇಕು. ಹುರಿದುದಕ್ಕೆ ಬೆಲ್ಲ, ಅಳಲೆಕಾಯಿಗಳ ನೀರನ್ನು ಎರೆಯಬೇಕು. ಬೇಯಿಸಿದಾಗ ಅಂಟಿಕೊಂಡಿದ್ದ ಮಾಂಸ ಕಳೆಯುತ್ತದೆ. ಹುರಿದಾಗ ಕಮಟಿನ ಮೊದಲ ಬಿರುಸು ಹೋಗುತ್ತದೆ. ಹೀಗೆ ಪಳಗಿಸಿದ ನಖವನ್ನು ಸ್ವಲ್ಪವೇ ಬೆರೆಸಿದರೆ ಧೂಪದ ಇತರ ದ್ರವ್ಯಗಳ ಕಂಪು ಗಟ್ಟಿಯಾಗಿ, ಬಹಳ ಹೊತ್ತು ನಿಲ್ಲುತ್ತದೆ.

ಇಲ್ಲಿ ಸುಗಂಧಶಾಸ್ತ್ರದ ಒಂದು ಮೂಲತತ್ತ್ವವನ್ನು ಗಮನಿಸಬೇಕು. ಯಾವ ಮಿಶ್ರಣದಲ್ಲಾಗಲಿ ಹಗುರ ದ್ರವ್ಯಗಳು ಬೇಗ ಹಾರಿಹೋಗುತ್ತವೆ, ಭಾರದವು ನಿಧಾನವಾಗಿ ಆರುತ್ತವೆ. ನಿಂಬೆಯ ಸಿಪ್ಪೆಯ ಕಂಪು ನಿಮಿಷಗಳದು, ಹೂವಿನದು ಗಂಟೆಗಳದು, ಶ್ರೀಗಂಧದ್ದು ದಿನಗಳದು. ಭಾರದ ದ್ರವ್ಯವೊಂದು ತಳದಲ್ಲಿದ್ದರೆ ಹಗುರವಾದವುಗಳ ಓಟವನ್ನೂ ತಡೆಹಿಡಿಯುತ್ತದೆ. ನಖದ ಕೆಲಸ ಇದು. ನಖವಿದ್ದ ಧೂಪ ‘ಕಡಲಿನಂತೆ’ ನಾರಬೇಕೆಂದು ಯಾರೂ ಬಯಸಲಿಲ್ಲ. ಚಂದನ ಚಂದನವಾಗಿ, ಅಗರು ಅಗರಾಗಿ ಹೆಚ್ಚು ಹೊತ್ತು ಉಳಿಯಲೆಂದೇ ಅದನ್ನು ಸೇರಿಸುತ್ತಿದ್ದರು.

ಈ ಸಂಪ್ರದಾಯ ಸತ್ತಿಲ್ಲ. ಉತ್ತರಪ್ರದೇಶದ ಕನೌಜಿನ ಅತ್ತರುಗಾರರು ‘ಚೋಯಾ ನಖ್’ ಎಂಬ ತೈಲವನ್ನು ತಯಾರಿಸುತ್ತಾರೆ. ಚಿಪ್ಪುಗಳನ್ನು ಮಣ್ಣಿನ ಪಾತ್ರೆಯಲ್ಲಿಟ್ಟು ನೀರಿಲ್ಲದೆ ಕಾಯಿಸಿ, ಹೊರಬರುವ ಹೊಗೆಯ ಸಾರವನ್ನು ಹಿಡಿಯುವುದು ಅದರ ಕ್ರಮ. ಹೊಗೆ, ಉಪ್ಪು, ಚರ್ಮ ಇವೆಲ್ಲವನ್ನೂ ನೆನಪಿಗೆ ತರುವ ಆ ತೈಲದ ಹೆಸರಿನಲ್ಲಿ ವರಾಹಮಿಹಿರನ ಶಬ್ದವೇ ಜೀವಂತವಾಗಿದೆ. ತಮಿಳುನಾಡಿನ ಮನ್ನಾರು ಕೊಲ್ಲಿಯ ದಂಡೆಯಲ್ಲಿ ಶಂಖದ ಜಾತಿಯ ಹುಳುಗಳ ಮುಚ್ಚಳಗಳನ್ನು ಒಟ್ಟುಗೂಡಿಸಿ ಧೂಪದ ಉದ್ಯಮಕ್ಕೆ ಮಾರುವ ವ್ಯಾಪಾರವನ್ನು ಮೀನುಗಾರಿಕೆಯ ಸಂಶೋಧಕರು ದಾಖಲಿಸಿದ್ದಾರೆ. ಅಗರಬತ್ತಿಯನ್ನು ಹಚ್ಚುವವರಲ್ಲಿ ಎಷ್ಟು ಮಂದಿಗೆ ಅದರಲ್ಲಿ ಕಡಲಹುಳುವಿನ ಉಗುರೂ ಇರಬಹುದೆಂಬ ಅರಿವಿದ್ದೀತು?

೫

ಕಡಲು ಕೊಟ್ಟ ಎರಡನೆಯ ದ್ರವ್ಯ ಅಂಬರ್. ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಹುಟ್ಟಿ, ಕಡಲಿಗೆ ಬಿದ್ದು, ವರ್ಷಗಟ್ಟಲೆ ತೇಲಿ ದಡ ಸೇರುವ ಬೂದುಬಣ್ಣದ ಮೇಣದಂತಹ ಗಟ್ಟಿ ಅದು. ಅರಬ್ಬೀ ಭಾಷೆಯ ಈ ಹೆಸರು ವ್ಯಾಪಾರದ ಜೊತೆಯಲ್ಲಿ ನಾನಾ ದೇಶಗಳಿಗೆ ಹಬ್ಬಿತು. ತಮಿಳಿನಲ್ಲಿ ಅದು ‘ಮೀನಂಬರ್’ ಆಯಿತು. ಅಕ್ಬರನ ಆಸ್ಥಾನದ ಸುಗಂಧಶಾಲೆಯಲ್ಲಿ ಬಳಕೆಯಾಗುತ್ತಿದ್ದ ದ್ರವ್ಯಗಳ ಪಟ್ಟಿಯಲ್ಲಿ ಅಬುಲ್ ಫಜಲನು ಅದನ್ನು ಸೇರಿಸಿದ್ದಾನೆ. ನಮ್ಮ ರಸಶಾಸ್ತ್ರದ ‘ರಸರತ್ನಸಮುಚ್ಚಯ’ದಲ್ಲಿ ‘ಅಗ್ನಿಜಾರ’ವೆಂಬ ದ್ರವ್ಯವೊಂದು ಬರುತ್ತದೆ. ಅಗ್ನಿನಕ್ರವೆಂಬ ಕಡಲಪ್ರಾಣಿಯ ಜರಾಯುವನ್ನು ಸಮುದ್ರ ಹೊರಕ್ಕೆ ಎಸೆಯುವುದೆಂದೂ, ಅದು ಬಿಸಿಲಿಗೆ ಒಣಗಿ ಅಗ್ನಿಜಾರವಾಗುವುದೆಂದೂ ಅಲ್ಲಿನ ವಿವರಣೆ. ಅದು ಅಂಬರೇ ಎಂದು ಅನೇಕರ ಅಭಿಪ್ರಾಯ. ಪ್ರಾಣಿಯ ಹೆಸರು ಕಾಲ್ಪನಿಕವಿರಬಹುದು. ಆದರೆ ವಸ್ತು ಪ್ರಾಣಿಯ ಮೈಯಿಂದ ಬಂದುದು, ಕಡಲು ಅದನ್ನು ಹೊರಚೆಲ್ಲುವುದು, ಬಿಸಿಲು ಅದನ್ನು ಮಾರ್ಪಡಿಸುವುದು ಎಂಬ ಮೂರು ಮಾತುಗಳೂ ಇಂದಿನ ವಿಜ್ಞಾನಕ್ಕೆ ಸರಿಹೊಂದುತ್ತವೆ.

ಇದನ್ನು ಇಂದಿನ ಪತ್ರಿಕೆಗಳು ‘ತಿಮಿಂಗಿಲದ ವಾಂತಿ’ ಎಂದು ಕರೆಯುವುದು ಸರಿಯಲ್ಲ. ಈ ತಿಮಿಂಗಿಲ ನುಂಗುವ ಸ್ಕ್ವಿಡ್ಡುಗಳ ಕೊಕ್ಕುಗಳು ಜೀರ್ಣವಾಗುವುದಿಲ್ಲ. ಸಾಮಾನ್ಯವಾಗಿ ಅವುಗಳನ್ನು ಅದು ಕಕ್ಕಿಬಿಡುತ್ತದೆ. ವಾಂತಿಯೆಂದರೆ ಅದು. ಎಲ್ಲೋ ನೂರಕ್ಕೊಂದು ತಿಮಿಂಗಿಲದಲ್ಲಿ ಕೆಲವು ಕೊಕ್ಕುಗಳು ಕರುಳಿನ ಕೆಳಭಾಗಕ್ಕೆ ಇಳಿದು ಅಲ್ಲಿ ಸಿಕ್ಕಿಕೊಳ್ಳುತ್ತವೆ. ಅವುಗಳ ಸುತ್ತ ಪದರಪದರವಾಗಿ ಕಟ್ಟಿಕೊಳ್ಳುವ ಗಟ್ಟಿಯೇ ಅಂಬರ್. ಹೊಸತಾಗಿದ್ದಾಗ ಅದು ಕಪ್ಪು, ಮೆತ್ತಗೆ, ಸಗಣಿಯ ವಾಸನೆಯದು. ಅದರ ಮುಖ್ಯಾಂಶವಾದ ಅಂಬ್ರೀನಿಗೆ ವಾಸನೆಯೇ ಇಲ್ಲ. ಉಪ್ಪುನೀರು, ಬಿಸಿಲು, ಗಾಳಿಗಳ ನಡುವೆ ವರ್ಷಗಳು ಕಳೆದಂತೆ ಅಂಬ್ರೀನ್ ಒಡೆದು ಬೇರೆ ಸಂಯುಕ್ತಗಳಾಗುತ್ತದೆ; ಅಂಬರಿನ ಪ್ರಸಿದ್ಧ ಕಂಪು ಅವುಗಳದು. ಈ ಪರಿಮಳವನ್ನು ತಿಮಿಂಗಿಲಕ್ಕಿಂತ ಹೆಚ್ಚಾಗಿ ಕಡಲೇ ತಯಾರಿಸಿತೆನ್ನಬೇಕು. ನಖವನ್ನು ವೈದ್ಯನು ಬೇಯಿಸಿ ಹುರಿದು ಪಳಗಿಸಿದಂತೆ ಇದನ್ನು ಸಮುದ್ರವೇ ಪಳಗಿಸುತ್ತದೆ. ಸುಗಂಧಕಾರರು ಇದನ್ನು ಬಳಸಿದುದೂ ನಖದ ಹಾಗೆ ತಳಹದಿಯಾಗಿಯೇ.

ಅಂಬರಿನ ಬೆಲೆ ತಿಮಿಂಗಿಲಕ್ಕೆ ಮುಳುವಾಯಿತು. ಇಂದು ಸ್ಪರ್ಮ್ ತಿಮಿಂಗಿಲ ಭಾರತದ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯದಲ್ಲಿದೆ; ಅಂಬರನ್ನು ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ. ಆದರೂ ಕಳ್ಳವ್ಯಾಪಾರ ನಿಂತಿಲ್ಲ. ೨೦೨೧ರಲ್ಲಿ ಬೆಂಗಳೂರಿನ ಪೊಲೀಸರು ಕೋಟಿಗಟ್ಟಲೆ ಬೆಲೆಯದೆಂದು ಹೇಳಲಾದ ಅಂಬರನ್ನು ವಶಪಡಿಸಿಕೊಂಡರು.

ಕಾನೂನಿಗೆ ಮೊದಲೇ ರಸಾಯನಶಾಸ್ತ್ರ ಬೇರೊಂದು ದಾರಿ ತೆರೆದಿದ್ದಿತು. ೧೯೪೬ರಲ್ಲಿ ಸ್ವಿಟ್ಜರ್ಲೆಂಡಿನ ರುಜಿಕಾ ಮತ್ತು ಫ್ರಾನ್ಸಿನ ಲೆಡರರ್ ಅಂಬ್ರೀನಿನ ರಚನೆಯನ್ನು ಬಿಡಿಸಿದರು. ೧೯೫೦ರಲ್ಲಿ ಜಿನೀವದ ಫಿರ್ಮೆನಿಖ್ ಸಂಸ್ಥೆಯ ಸ್ಟೋಲ್ ಮತ್ತು ಹಿಂಡರ್, ಅಂಬರಿನ ಕಂಪಿನ ಮುಖ್ಯ ಸಂಯುಕ್ತವನ್ನು ತುಳಸಿ, ಪುದೀನಗಳ ಕುಲಕ್ಕೆ ಸೇರಿದ ಕ್ಲೇರಿ ಸೇಜ್ ಎಂಬ ಗಿಡದ ಸಾರದಿಂದ ತಯಾರಿಸಿದರು. ಕಡಲ ದ್ರವ್ಯ ಹೀಗೆ ಹೊಲದ ಬೆಳೆಯಾಯಿತು. ಇಂದಿನ ಸುಗಂಧಗಳಲ್ಲಿ ‘ಅಂಬರ್’ ಇದೆಯೆಂದರೆ ಬಹುಪಾಲು ಅದು ಇದೇ.

೬

ಇಷ್ಟಾದರೂ ‘ಸಮುದ್ರಸ್ವರ’ ಇನ್ನೂ ಹುಟ್ಟಿರಲಿಲ್ಲ. ಅದು ಹುಟ್ಟಿದುದು ಆಕಸ್ಮಿಕವಾಗಿ. ೧೯೬೬ರಲ್ಲಿ ಅಮೆರಿಕದ ಫೈಜರ್ ಔಷಧಸಂಸ್ಥೆಯ ರಸಾಯನಜ್ಞರು, ಮನಸ್ಸನ್ನು ಶಮನಗೊಳಿಸುವ ಔಷಧಗಳನ್ನು ಹೋಲುವ ಅಣುಗಳ ಮೇಲೆ ಕೆಲಸ ಮಾಡುತ್ತಿದ್ದಾಗ, ಒಂದು ಸಂಯುಕ್ತದಲ್ಲಿ ಕಲ್ಲಂಗಡಿಹಣ್ಣಿನ ತಂಪು, ಚಿಪ್ಪಿನ ಹಸಿತನ, ಕಡಲಗಾಳಿಯ ಸುಳಿವು ಮೂರೂ ಒಟ್ಟಿಗೆ ಇರುವುದನ್ನು ಕಂಡರು. ಆ ಸಂಸ್ಥೆಗೆ ಸೇರಿದ್ದ ಫ್ರಾನ್ಸಿನ ಸುಗಂಧ ತಯಾರಕರ ಹೆಸರಿನ ಮೊದಲ ಅಕ್ಷರಗಳಿಂದ ಅದಕ್ಕೆ ‘ಕ್ಯಾಲೋನ್’ ಎಂಬ ಹೆಸರಾಯಿತು. ಕಂದು ಪಾಚಿಗಳು ನೀರಿಗೆ ಬಿಡುವ ಸಂಯುಕ್ತಗಳ ವಾಸನೆಗೂ ಇದರ ವಾಸನೆಗೂ ಹೋಲಿಕೆಯುಂಟು. ಆದರೆ ಯಾವ ಪಾಚಿಯಲ್ಲಿಯೂ ಈ ಅಣುವಿಲ್ಲ.

ಸುಮಾರು ಇಪ್ಪತ್ತು ವರ್ಷ ಅದು ಮೂಲೆಯಲ್ಲಿಯೇ ಇದ್ದಿತು. ಹೂವಿನ ಮಿಶ್ರಣಗಳಿಗೆ ಹಸಿತನ ತರಲು ಹನಿಯಷ್ಟು ಬಳಸುತ್ತಿದ್ದರು. ೧೯೮೮ರಲ್ಲಿ ಅರಾಮಿಸ್ ಸಂಸ್ಥೆಯ ‘ನ್ಯೂ ವೆಸ್ಟ್’ ಅದನ್ನು ಮುಂದಕ್ಕೆ ತಂದಿತು. ಅದೇ ವರ್ಷ ಬಂದ ‘ಕೂಲ್ ವಾಟರ್’ ಬೇರೆ ಅಣುಗಳಿಂದ ತಣ್ಣೀರಿನ ಭಾವವನ್ನು ಕಟ್ಟಿತು. ೧೯೯೨ರ ‘ಲೋ ದಿಸ್ಸೆ’, ೧೯೯೬ರ ‘ಆಕ್ವಾ ದಿ ಜಿಯೋ’ ಈ ಬಗೆಯನ್ನು ಜಗತ್ತಿನಾದ್ಯಂತ ಹರಡಿದವು. ಇಂದು ಸಾಬೂನು, ಬಟ್ಟೆಯ ಪುಡಿ, ಮೋಟಾರುಗಾಡಿಯೊಳಗೆ ತೂಗುಹಾಕುವ ಸುಗಂಧದವರೆಗೆ ಅದು ಇಳಿದಿದೆ. ಪಾಚಿಯಿಂದಲೇ ತೆಗೆದ ಸಾರವೂ ಸುಗಂಧಕಾರರಲ್ಲಿದೆ. ಅದು ಕಡುಹಸಿರು ಬಣ್ಣದ್ದು, ಉಪ್ಪು ಅಯೋಡೀನುಗಳನ್ನು ನೆನಪಿಸುವ ಒರಟು ವಾಸನೆಯದು. ಅದನ್ನು ಬಳಸುವವರು ವಿರಳ.

ಕಲ್ಲಂಗಡಿಯ ವಾಸನೆ ಕಡಲಾದುದು ಹೇಗೆಂದು ಕೇಳಬಹುದು. ಮೂಗು ಒಂಟಿಯಾಗಿ ತೀರ್ಪು ಕೊಡುವುದಿಲ್ಲ. ನೀಲಿ ಸೀಸೆ, ಅಲೆಯ ಚಿತ್ರ, ಹೆಸರು ಇವು ಮೊದಲು ಹೇಳಿಕೊಡುತ್ತವೆ. ಮೂಗು ಅನಂತರ ಒಪ್ಪುತ್ತದೆ. ಒಮ್ಮೆ ಒಪ್ಪಿದ ಮೇಲೆ ಆ ವಾಸನೆಯೇ ಕಡಲಿನ ಸಂಕೇತವಾಗಿ ನಿಲ್ಲುತ್ತದೆ. ಚಿತ್ರದಲ್ಲಿ ನೀಲಿ ಬಳಿದರೆ ನೀರೆಂದು ತಿಳಿಯುವಂತೆಯೇ ಇದು. ಬೊಗಸೆಯಲ್ಲಿ ಎತ್ತಿದ ನೀರು ನೀಲಿಯಲ್ಲವೆಂದು ಯಾರೂ ಆಕ್ಷೇಪಿಸುವುದಿಲ್ಲ.

೭

ಸಂಕೇತವೆಂದ ಮೇಲೆ ಅದರಲ್ಲಿ ಏನನ್ನು ಉಳಿಸಿಕೊಂಡರು, ಏನನ್ನು ಬಿಟ್ಟರು ಎಂಬ ಪ್ರಶ್ನೆ ಏಳುತ್ತದೆ. ಸೀಸೆಯ ಕಡಲಿನಲ್ಲಿ ಮೀನಿಲ್ಲ, ಬಲೆಯಿಲ್ಲ, ಕೊಳೆತ ಪಾಚಿಯಿಲ್ಲ. ಕಡಲನ್ನು ನಂಬಿ ಬದುಕುವ ಮನುಷ್ಯರಿಲ್ಲ. ಅದು ರಜೆಗೆಂದು ಬಂದು ಹೋಗುವವನ ಕಡಲು. ನೊಚ್ಚಿಕುಪ್ಪದಲ್ಲಿ ಮೀನು ಮಾರುವ ಹೆಂಗಸು ಆ ಸೀಸೆಯನ್ನು ಮೂಸಿದರೆ ಹಣ್ಣಿನಂಗಡಿಯನ್ನು ನೆನೆದಾಳು.

ತಮಿಳಿನ ಪ್ರಾಚೀನ ಕಾವ್ಯಸಂಪ್ರದಾಯ ಈ ವಿಷಯದಲ್ಲಿ ಬೇರೊಂದು ದೃಷ್ಟಿಯನ್ನು ತೋರಿಸುತ್ತದೆ. ಸಂಗಂ ಕವಿಗಳು ನೆಲವನ್ನು ಐದು ತಿಣೈಗಳಾಗಿ ವಿಂಗಡಿಸಿ, ಕಡಲತೀರಕ್ಕೆ ‘ನೆಯ್ದಲ್’ ಎಂಬ ಹೆಸರಿಟ್ಟರು. ಆ ಪದ್ಯಗಳಲ್ಲಿ ಒಣಗಹಾಕಿದ ಮೀನಿನ ವಾಸನೆಯೂ, ತೀರದ ಪುನ್ನೈ ಮರದ ಹೂವಿನ ಕಂಪೂ, ಕೇದಗೆಯ ಪರಿಮಳವೂ ಒಂದೇ ಹಳ್ಳಿಯೊಳಗೆ ಕೂಡಿಬರುತ್ತವೆ. ಒಂದಕ್ಕಾಗಿ ಇನ್ನೊಂದನ್ನು ಅಳಿಸಿಹಾಕಿಲ್ಲ. ಪುನ್ನೈ ಎಂದರೆ ಕನ್ನಡದ ಸುರಹೊನ್ನೆ. ಕೇದಗೆಯಂತೂ ಇಂದಿಗೂ ಒಡಿಶಾದ ಗಂಜಾಮ್ ತೀರದಿಂದ ಅತ್ತರಾಗಿ ದೇಶವನ್ನೆಲ್ಲ ಸೇರುತ್ತದೆ.

ಮೀನಿನ ಆ ವಾಸನೆಗೆ ತಮಿಳು ಕವಿಗಳು ಬಳಸುವ ಪದ ‘ಪುಲವು’. ಕನ್ನಡದ ‘ಪೊಲಸು’, ‘ಹೊಲಸು’ ಎಂಬುದು ಅದರ ನೆಂಟ. ಹಸಿಮಾಂಸದ ವಾಸನೆಯನ್ನು ಹೇಳುತ್ತಿದ್ದ ಮಾತು ಕನ್ನಡದಲ್ಲಿ ಎಲ್ಲ ಕೊಳಕಿಗೂ ಹೆಸರಾಯಿತು. ‘ನಾಱು’ ಎಂಬ ಧಾತುವಿನ ಕಥೆಯೂ ಹೀಗೆಯೇ. ಹಳಗನ್ನಡದಲ್ಲಿ ಅದು ಒಳ್ಳೆಯ ವಾಸನೆಗೂ ಕೆಟ್ಟ ವಾಸನೆಗೂ ಸಲ್ಲುತ್ತಿದ್ದಿತು. ಇಂದಿನ ‘ನಾತ’ ದುರ್ವಾಸನೆ ಮಾತ್ರ. ತಮಿಳಿನ ‘ನಾಟ್ರಂ’ ಎಂಬ ಪದವೂ ಪೂರ್ವದಲ್ಲಿ ಸುಗಂಧವನ್ನು ಹೇಳುತ್ತಿದ್ದು ಈಗ ಅದೇ ಗತಿಗೆ ಬಂದಿದೆ. ದೇಶ್ಯಪದಗಳು ಹೀಗೆ ಕೆಳಗಿಳಿದಂತೆ ಸುಗಂಧ, ಪರಿಮಳ, ಸೌರಭ ಎಂಬ ಸಂಸ್ಕೃತಪದಗಳು ಮೇಲಿನ ಪೀಠಕ್ಕೆ ಏರಿದವು. ವಾಸನೆಯನ್ನು ಎರಡು ಪಂಗಡವಾಗಿ ಸೀಳಿ, ದುಡಿಯುವವರ ಬದುಕಿಗೆ ಹತ್ತಿರವಾದುದನ್ನು ಕೆಳಗಿನ ಪಂಗಡಕ್ಕೆ ತಳ್ಳುವ ಈ ಪ್ರವೃತ್ತಿ ಭಾಷೆಯಲ್ಲಿ ಎಂದೋ ನಡೆದಿದೆ. ನೀಲಿ ಸೀಸೆ ಅದನ್ನೇ ಮುಂದುವರಿಸಿದೆ. ‘ಕಂಪು’, ‘ಸೊಗಡು’ ಎಂಬ ಎರಡು ದೇಶ್ಯಪದಗಳು ಮಾತ್ರ ತಮ್ಮ ಮರ್ಯಾದೆಯನ್ನು ಇನ್ನೂ ಉಳಿಸಿಕೊಂಡಿವೆ.

ಇದು ಬರಿಯ ಪದಗಳ ಮಾತಲ್ಲ. ಕಡಲಿಗೆ ಯಾವ ವಾಸನೆ ಸಹಜವೆಂಬುದನ್ನು ಮರೆತ ಊರಿಗೆ ಅಸಹಜವಾದುದು ಬಂದಾಗ ಗುರುತು ಹಿಡಿಯುವುದು ಕಷ್ಟ. ೨೦೨೩ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಮಳೆಯ ನಡುವೆ ಚೆನ್ನೈನ ಉತ್ತರಕ್ಕಿರುವ ಎಣ್ಣೂರು ಅಳಿವೆಯಲ್ಲಿ ಎಣ್ಣೆ ಹರಡಿಕೊಂಡಿತು. ಮೀನುಗಾರರ ದೋಣಿ, ಬಲೆ, ಮನೆಗಳಿಗೆಲ್ಲ ಅದು ಮೆತ್ತಿಕೊಂಡಿತು. ಮೀನಿನ ವಾಸನೆ ಜೀವವಿರುವ ಕಡಲಿನ ಲಕ್ಷಣವೆಂದೂ ಎಣ್ಣೆಯ ವಾಸನೆ ಅದರ ರೋಗದ ಲಕ್ಷಣವೆಂದೂ ತೀರದ ಜನ ಬಲ್ಲರು. ಎರಡನ್ನೂ ಒಂದೇ ‘ದುರ್ವಾಸನೆ’ಯ ಮೂಟೆಗೆ ಕಟ್ಟುವ ನಾಗರಿಕನಿಗೆ ಈ ಭೇದ ತಿಳಿಯದು.

ಕನ್ನಡದ ವಿದ್ವಾಂಸರಿಗೆ ಇಲ್ಲಿ ಎರಡು ಕೆಲಸಗಳಿವೆ. ಒಂದು, ‘ಲೋಕೋಪಕಾರ’ದ ಗಂಧಪ್ರಕರಣವನ್ನು ರಸಾಯನಶಾಸ್ತ್ರ ಬಲ್ಲವರೊಡನೆ ಕುಳಿತು ಓದಿ, ಅದರ ದ್ರವ್ಯನಾಮಗಳನ್ನು ಇಂದಿನ ವಸ್ತುಗಳೊಡನೆ ಹೊಂದಿಸುವುದು. ಇನ್ನೊಂದು, ಕಾರವಾರದಿಂದ ಕಾಸರಗೋಡಿನವರೆಗಿನ ಕರಾವಳಿಯಲ್ಲಿ ಮೀನು, ಪಾಚಿ, ಉಪ್ಪು, ಗಾಳಿಗಳ ವಾಸನೆಗೆ ಜನ ಬಳಸುವ ಮಾತುಗಳನ್ನು ಅವು ಮಾಯವಾಗುವ ಮುನ್ನ ಕೂಡಿಹಾಕುವುದು. ಮೊದಲನೆಯದಕ್ಕೆ ಬೇಕಾದ ಗ್ರಂಥ ಚೆನ್ನೈನಲ್ಲಿಯೇ ಅಚ್ಚಾದುದು. ಎರಡನೆಯದಕ್ಕೆ ಹೋಲಿಸಿ ನೋಡಲು ತಮಿಳು ತೀರ ಕೈಗೆಟಕುವಷ್ಟು ಹತ್ತಿರದಲ್ಲಿದೆ. ಕರ್ಪೂರ ಚಂದನಗಳ ಸಾಲಿನಲ್ಲಿ ಕಡಲಹುಳುವಿನ ಉಗುರಿಗೂ ಒಂದು ಮನೆ ಕೊಟ್ಟ ಪರಂಪರೆಯವರಿಗೆ ಈ ಕೆಲಸ ಹೊಸತಾಗಲಾರದು.